ಕೊಯಮತ್ತೂರಿನ ಕರಿವರ್ಧನ್

ಬತ್ತೇರಿಯಿಂದ ಗೂಡಲೂರು, ಊಟಿ ದಾಟಿ ಘಾಟಿ ಇಳಿದರೆ ಕೊಯಮತ್ತೂರು. ಆಸ್ಪತ್ರೆಗೆಂದೋ ಪಂಪ್‌ಸೆಟ್ ಕೊಳ್ಳಲೆಂದೋ ನಮ್ಮ ಸದಸ್ಯರಲ್ಲಿ ಹಲವರು ಹೋಗಿ ಬರುವ ಊರು. ಅದರ ಹೊರವಲಯದ ಚೆಟ್ಟಿಪಾಳ್ಯದಲ್ಲಿ ಎರಡು ಕಿಲೋಮೀಟರಿಗೆ ತುಸು ಹೆಚ್ಚು ಉದ್ದದ ಕಾರ್ ರೇಸ್ ಟ್ರ್ಯಾಕ್ ಇದೆ. ಹೆಸರು ಕರಿ ಮೋಟಾರ್ ಸ್ಪೀಡ್‌ವೇ. ಇಲ್ಲಿ ಕರಿ ಎಂದರೆ ಬಣ್ಣವಲ್ಲ, ಎಸ್. ಕರಿವರ್ಧನ್ ಎಂಬವರನ್ನು ಗೆಳೆಯರು ಕರೆಯುತ್ತಿದ್ದ ಹೆಸರು.

ಲಕ್ಷ್ಮೀ ಮಿಲ್ಸ್ ಮನೆತನದವರು. ಮಿಲ್ಲಿನ ಲೆಕ್ಕ ನೋಡಿಕೊಂಡು ಹಾಯಾಗಿ ಇರಬಹುದಿತ್ತು. ಅವರ ಮನಸ್ಸು ಎಂಜಿನ್ನಿನ ಮೇಲಿತ್ತು. ಆಗ ದಕ್ಷಿಣದಲ್ಲಿ ರೇಸ್ ಎಂದರೆ ಮದ್ರಾಸಿನ ಹತ್ತಿರದ ಶೋಳವರಂ. ಎರಡನೇ ಮಹಾಯುದ್ಧದ ಕಾಲದ ಹಳೆಯ ವಿಮಾನ ಪಟ್ಟಿ ಅದು. ಅಲ್ಲಿ ಗೆಲ್ಲಬೇಕಾದರೆ ವಿದೇಶಿ ಕಾರು ತರಿಸುವಷ್ಟು ಹಣ ಬೇಕಿತ್ತು. ಬೆಂಗಳೂರಿನ ವಿಜಯ್ ಮಲ್ಯ ಅಲ್ಲಿ ಓಡಿಸಿದ್ದು ಎನ್‌ಸೈನ್ ಫಾರ್ಮುಲಾ ಕಾರು! ಕರಿವರ್ಧನ್ ತಾವೇ ಕಾರು ವಿನ್ಯಾಸ ಮಾಡಿ, ಕಟ್ಟಿ, ಓಡಿಸಿದರು.

ಆದರೆ ಅವರನ್ನು ನೆನೆಯಬೇಕಾದ್ದು ತಾವು ಓಡಿಸಿದ ಕಾರಿಗಿಂತ ಬೇರೆಯವರಿಗೆ ಮಾಡಿಕೊಟ್ಟ ಕಾರಿಗಾಗಿ. 1983ರ ಕೊನೆಯಲ್ಲಿ ರಸ್ತೆಗಿಳಿದ ಮಾರುತಿ 800ರ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ ದೇಶದ ಯಾವ ಗ್ಯಾರೇಜಿನಲ್ಲೂ ರಿಪೇರಿ ಆಗುವಂಥದ್ದು. ಅದನ್ನೇ ಒಂದು ಪುಟ್ಟ ಒಂಟಿ ಸೀಟಿನ ರೇಸ್ ಕಾರಿಗೆ ಕೂರಿಸಿದರು. 80ರ ದಶಕದ ಕೊನೆಗೆ ಫಾರ್ಮುಲಾ ಮಾರುತಿ ಹುಟ್ಟಿದ್ದು ಹೀಗೆ. ಎಲ್ಲರ ಕೈಯಲ್ಲೂ ಒಂದೇ ಬಗೆಯ ಕಾರು. ಹಾಗಾಗಿ ಯಾರ ಕಾರು ದುಬಾರಿ ಎಂಬುದಕ್ಕಿಂತ ಯಾರ ಕೈ ಪಳಗಿದೆ ಎಂಬುದು ತಿಳಿಯುತ್ತಿತ್ತು. ಬಡವರ ಆಟ ಆಯಿತೆಂದಲ್ಲ, ರೇಸ್ ಎಂದೂ ಹಾಗಾಗಿಲ್ಲ. ಆದರೂ ಹೊಸಬರಿಗೆ ಹತ್ತಲು ಮೊದಲ ಮೆಟ್ಟಿಲೊಂದು ಸಿಕ್ಕಿತು.

ಆ ಮೆಟ್ಟಿಲು ಹತ್ತಿದವರಲ್ಲಿ ಅದೇ ಊರಿನ ಹುಡುಗ ನಾರಾಯಣ್ ಕಾರ್ತಿಕೇಯನ್ ಒಬ್ಬರು. 1996ರಲ್ಲಿ ಫಾರ್ಮುಲಾ ಏಷ್ಯಾ ಚಾಂಪಿಯನ್. 2005ರಲ್ಲಿ ಜೋರ್ಡಾನ್ ತಂಡದಿಂದ ಫಾರ್ಮುಲಾ ಒನ್, ಅಲ್ಲಿ ಓಡಿದ ಮೊದಲ ಭಾರತೀಯ. 2009ರಲ್ಲಿ ದೀರ್ಘ ಓಟದ ಸ್ಪೋರ್ಟ್ಸ್ ಕಾರುಗಳತ್ತ ಹೋಗಿ ಆಡಿ ಕಾರಿನಲ್ಲಿ ಫ್ರಾನ್ಸಿನ ಲೆ ಮಾನ್ ಓಟದವರೆಗೂ ಮುಟ್ಟಿದರು. ಇಪ್ಪತ್ನಾಲ್ಕು ಗಂಟೆ ಚಾಲಕರು ಸರದಿಯಲ್ಲಿ ಓಡಿಸುವ ಓಟ ಅದು. ಶುರುವಾಗುವ ಮುನ್ನವೇ ಭುಜಕ್ಕೆ ಪೆಟ್ಟಾಗಿ ಅವರು ಕಾರು ಹತ್ತಲಾಗಲಿಲ್ಲ, ಉಳಿದಿಬ್ಬರೇ ಓಟ ಮುಗಿಸಿದರು.

ಕರಿವರ್ಧನ್ ಇದೊಂದನ್ನೂ ನೋಡಲಿಲ್ಲ. 1995ರಲ್ಲಿ, ನಲವತ್ತರ ಆಸುಪಾಸಿನಲ್ಲಿ, ಹಾರಾಟದ ಅಪಘಾತವೊಂದರಲ್ಲಿ ತೀರಿಕೊಂಡರು. ಚೆಟ್ಟಿಪಾಳ್ಯದ ಟ್ರ್ಯಾಕ್ ಬಂದದ್ದು ಆಮೇಲೆ.