ಶಾಲೆಯ ಗಂಟೆ ಬಾರಿಸಿದ ಹುಡುಗ: ಜೇಮ್ಸ್ ಗಾರ್‌ಫೀಲ್ಡ್

ಅಮೆರಿಕದ ಅಧ್ಯಕ್ಷರ ಹೆಸರು ಹೇಳಿ ಎಂದರೆ ನಮ್ಮ ವಿದ್ಯಾರ್ಥಿಗಳು ವಾಷಿಂಗ್ಟನ್, ಲಿಂಕನ್, ಕೆನೆಡಿ ಎನ್ನುತ್ತಾರೆ. ಇಪ್ಪತ್ತನೆಯ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರ ಹೆಸರು ಬರುವುದು ಅಪರೂಪ. ಅವರು ಅಧಿಕಾರದಲ್ಲಿದ್ದುದೇ ಸುಮಾರು 200 ದಿನ. ಅದರಲ್ಲಿ ಕೊನೆಯ 79 ದಿನಗಳನ್ನು ಗುಂಡೇಟು ತಿಂದು ಹಾಸಿಗೆಯಲ್ಲಿ ಕಳೆದರು. ಆದರೆ ಆ ಕುರ್ಚಿಯವರೆಗೆ ಅವರು ನಡೆದು ಬಂದ ದಾರಿ ಮಾತ್ರ ಓದುವ ಮಕ್ಕಳಿರುವ ಪ್ರತಿಯೊಂದು ಬಡಮನೆಗೂ ಗೊತ್ತಿರಬೇಕಾದದ್ದು.

1831ರ ನವೆಂಬರ್ 19ರಂದು ಓಹಾಯೋ ರಾಜ್ಯದ ಒಂದು ಮರದ ದಿಮ್ಮಿಗಳ ಗುಡಿಸಲಿನಲ್ಲಿ ಅವರು ಹುಟ್ಟಿದರು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ಅಬ್ರಾಮ್ ತೀರಿಕೊಂಡರು. ತಾಯಿ ಎಲಿಜಾ ಧೃತಿಗೆಡಲಿಲ್ಲ. ಇದ್ದ ಹೊಲದಲ್ಲೇ ದುಡಿದು ನಾಲ್ಕು ಮಕ್ಕಳನ್ನು ಸಾಕಿದರು. ಹಿರಿಯ ಮಗ ಥಾಮಸ್ ತನ್ನ ಓದನ್ನು ಬದಿಗಿಟ್ಟು ತಾಯಿಗೆ ಹೆಗಲು ಕೊಟ್ಟ. ಕಿರಿಯವನಾದರೂ ಓದಲಿ ಎಂಬುದು ತಾಯಿ ಮಗ ಇಬ್ಬರ ಆಸೆ. ಆದರೆ ಕಿರಿಯವನ ತಲೆಯಲ್ಲಿ ಹಡಗು ತುಂಬಿತ್ತು. ಸಮುದ್ರದ ಕಥೆಗಳನ್ನು ಓದಿ ಓದಿ, 1848ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ ಮನೆ ಬಿಟ್ಟ. ಹಡಗಿನ ಕೆಲಸ ಸಿಗಲಿಲ್ಲ, ಕಾಲುವೆಯ ದೋಣಿಯ ಕೆಲಸ ಸಿಕ್ಕಿತು. ದಡದ ಮೇಲೆ ದೋಣಿ ಎಳೆಯುವ ಪ್ರಾಣಿಗಳನ್ನು ಹೊಡೆದುಕೊಂಡು ನಡೆಯುವ ಕೂಲಿ. ಈಜು ಬಾರದ ಹುಡುಗ ಮತ್ತೆ ಮತ್ತೆ ನೀರಿಗೆ ಬಿದ್ದ. ಕೊನೆಗೆ ಚಳಿಜ್ವರ ಹಿಡಿದು, ಕೆಲವೇ ವಾರಗಳಲ್ಲಿ ಮನೆಗೆ ಮರಳಿದ.

ಜ್ವರ ಬಿಡಲು ತಿಂಗಳುಗಳೇ ಹಿಡಿದವು. ಆ ದಿನಗಳಲ್ಲಿ ತಾಯಿ ಬೈಯಲಿಲ್ಲ. ಮತ್ತೆ ಕಾಲುವೆಗೆ ಹೋಗುವುದನ್ನು ಸ್ವಲ್ಪ ಮುಂದೂಡು, ಅಷ್ಟರಲ್ಲಿ ಶಾಲೆಗೆ ಹೋಗಿ ನೋಡು ಎಂದು ಮೆಲ್ಲನೆ ಒಪ್ಪಿಸಿದರು. ತಾಯಿಯೂ ಅಣ್ಣನೂ ಕೂಡಿಟ್ಟ ಅಲ್ಪ ಹಣವೇ ಅವನ ಬಂಡವಾಳ. 1849ರಲ್ಲಿ ಚೆಸ್ಟರ್ ಎಂಬ ಊರಿನ ಗಿಯಾಗಾ ಸೆಮಿನರಿ ಸೇರಿದ. ಮನೆಯಿಂದ ಮತ್ತೆ ಹಣ ಕೇಳುವಂತಿರಲಿಲ್ಲ. ಬಡಗಿ ಕೆಲಸ ಮಾಡಿದ, ರಜೆಯಲ್ಲಿ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿದ, ಹಾಗೆ ಶುಲ್ಕ ಹೊಂದಿಸಿದ.

1851ರಲ್ಲಿ ಹೈರಮ್ ಎಂಬ ಊರಿನಲ್ಲಿದ್ದ ಎಕ್ಲೆಕ್ಟಿಕ್ ಇನ್‌ಸ್ಟಿಟ್ಯೂಟ್‌ಗೆ ಬಂದಾಗ ಅವರು ಮೊದಲು ಸೇರಿದ್ದು ಜವಾನನಾಗಿಯೂ ಹೌದು, ವಿದ್ಯಾರ್ಥಿಯಾಗಿಯೂ ಹೌದು. ಬೆಳಗ್ಗೆ ಕೋಣೆಗಳನ್ನು ಗುಡಿಸುವುದು, ಒಲೆ ಹೊತ್ತಿಸುವುದು, ಗಂಟೆ ಬಾರಿಸುವುದು. ಗಂಟೆ ಬಾರಿಸಿ ಮುಗಿಸಿ ತಾನೂ ತರಗತಿಗೆ ಹೋಗಿ ಕೂರುವುದು. ಹೆಚ್ಚು ದಿನ ಕಳೆಯುವ ಮೊದಲೇ ಅದೇ ಸಂಸ್ಥೆ ಅವರನ್ನು ಪಾಠ ಹೇಳಲು ಹಚ್ಚಿತು. ಅಲ್ಲಿಂದ ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜು. ಅಲ್ಲಿಯ ಮುಖ್ಯಸ್ಥ ಮಾರ್ಕ್ ಹಾಪ್ಕಿನ್ಸ್ ಅವರನ್ನು ಗಾರ್‌ಫೀಲ್ಡ್ ಜೀವನಪೂರ್ತಿ ಗುರುವೆಂದು ನೆನೆದರು. 1856ರಲ್ಲಿ ಪದವಿ ಪಡೆದು ಹೈರಮ್‌ಗೆ ಮರಳಿ ಗ್ರೀಕ್ ಮತ್ತು ಲ್ಯಾಟಿನ್ ಕಲಿಸಿದರು. ಮರುವರ್ಷವೇ ಸಂಸ್ಥೆಯ ಮುಖ್ಯಸ್ಥರಾದರು. ಆರು ವರ್ಷಗಳ ಹಿಂದೆ ಕಸ ಗುಡಿಸಿದ ಕಟ್ಟಡದಲ್ಲೇ, ಇಪ್ಪತ್ತಾರು ತುಂಬುವ ಸುಮಾರಿಗೆ! 1858ರಲ್ಲಿ, ಜೊತೆಗೆ ಓದಿದ್ದ, ತಾವೂ ಶಿಕ್ಷಕಿಯಾಗಿದ್ದ ಲುಕ್ರೀಷಿಯಾ ರುಡಾಲ್ಫ್ ಅವರೊಡನೆ ಮದುವೆಯಾಯಿತು.

ಗುಲಾಮಗಿರಿಯನ್ನು ಅವರು ದ್ವೇಷಿಸುತ್ತಿದ್ದರು. 1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ಓಹಾಯೋದ 42ನೆಯ ರೆಜಿಮೆಂಟ್ ಕಟ್ಟಿದರು. ಅದರಲ್ಲಿ ಅವರ ಶಿಷ್ಯರೇ ಎಷ್ಟೋ ಮಂದಿ. ನಿನ್ನೆಯವರೆಗೆ ವ್ಯಾಕರಣ ಕಲಿಸಿದ ಹುಡುಗರನ್ನು ಯುದ್ಧಭೂಮಿಗೆ ಕರೆದೊಯ್ಯುವುದು ಯಾವ ಗುರುವಿಗೂ ಹಗುರವಾದ ಕೆಲಸವಾಗಿರಲಾರದು. 1862ರ ಜನವರಿಯಲ್ಲಿ ಕೆಂಟಕಿಯ ಮಿಡಲ್ ಕ್ರೀಕ್‌ನಲ್ಲಿ ಗೆಲುವು ಸಿಕ್ಕಿತು, ಮುಂದೆ ಮೇಜರ್ ಜನರಲ್ ಪದವಿಯೂ ಬಂತು. 1863ರ ಡಿಸೆಂಬರಿನಲ್ಲಿ ಸೈನ್ಯ ಬಿಟ್ಟು ಪ್ರತಿನಿಧಿ ಸಭೆಗೆ ಹೋದರು. ಅಲ್ಲಿ ಹದಿನೇಳು ವರ್ಷ ಕುಳಿತರು.

ಶಾಸಕರಾದರೂ ಒಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ. ದೇಶದಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂಬ ಲೆಕ್ಕವೇ ಕೇಂದ್ರ ಸರ್ಕಾರದ ಬಳಿ ಇರದಿದ್ದ ಕಾಲದಲ್ಲಿ ಶಿಕ್ಷಣಕ್ಕೆ ಒಂದು ಇಲಾಖೆ ಬೇಕೆಂದು 1866ರಲ್ಲಿ ಮಸೂದೆ ತಂದರು. 1867ರಲ್ಲಿ ಅದು ಕಾಯಿದೆಯಾಯಿತು. ಮರುವರ್ಷವೇ ವಿರೋಧಿಗಳು ಅದನ್ನು ಸಣ್ಣ ಕಚೇರಿಯ ಮಟ್ಟಕ್ಕೆ ಇಳಿಸಿದರೆಂಬುದು ಬೇರೆ ಮಾತು.

ಇನ್ನು, ಗಣಿತವೆಂದರೆ ಹೆದರುವ ಮಕ್ಕಳು ಇದನ್ನು ಕೇಳಬೇಕು. ಪೈಥಾಗೊರಸ್ ಪ್ರಮೇಯಕ್ಕೆ ಗಾರ್‌ಫೀಲ್ಡ್ ತಮ್ಮದೇ ಒಂದು ಸಾಧನೆ ಕೊಟ್ಟಿದ್ದಾರೆ. ಅದು 1876ರಲ್ಲಿ ಒಂದು ಶಿಕ್ಷಣ ಪತ್ರಿಕೆಯಲ್ಲಿ ಅಚ್ಚಾಯಿತು. ಒಂದೇ ಅಳತೆಯ ಎರಡು ಲಂಬಕೋನ ತ್ರಿಭುಜಗಳನ್ನು ತೆಗೆದುಕೊಳ್ಳಿ. ಒಂದರ ಗಿಡ್ಡ ಬಾಹುವೂ ಇನ್ನೊಂದರ ಉದ್ದ ಬಾಹುವೂ ಒಂದೇ ಗೆರೆಯ ಮೇಲೆ ತುದಿಗೆ ತುದಿ ಸೇರುವಂತೆ, ಲಂಬಕೋನಗಳು ಎರಡು ಹೊರತುದಿಗಳಲ್ಲಿ ಬರುವಂತೆ ಇಡಿ. ಮೇಲಿನ ಎರಡು ಶೃಂಗಗಳನ್ನು ಸೇರಿಸಿದರೆ ಒಂದು ತ್ರಾಪಿಜ್ಯವಾಗುತ್ತದೆ. ನಡುವೆ ಹುಟ್ಟುವ ಮೂರನೆಯ ತ್ರಿಭುಜವೂ ಲಂಬಕೋನದ್ದೇ; ಅದರ ಎರಡು ಬಾಹುಗಳು ಮೊದಲಿನ ತ್ರಿಭುಜಗಳ ವಿಕರ್ಣಗಳು. ತ್ರಾಪಿಜ್ಯದ ವಿಸ್ತೀರ್ಣವನ್ನು ಸೂತ್ರದಿಂದ ಒಮ್ಮೆ, ಮೂರು ತ್ರಿಭುಜಗಳನ್ನು ಕೂಡಿ ಇನ್ನೊಮ್ಮೆ ಬರೆದು ಸಮ ಮಾಡಿದರೆ ಪ್ರಮೇಯ ತಾನಾಗಿ ಹೊರಬರುತ್ತದೆ. ಕಾಗದದ ಮೇಲೆ ಮಾಡಿ ನೋಡಿ, ಐದು ನಿಮಿಷ ಸಾಕು.

ಅವರ ಬದುಕಿನಲ್ಲಿ ಕಲೆಗಳೇ ಇರಲಿಲ್ಲವೆಂದಲ್ಲ. ಕ್ರೆಡಿಟ್ ಮೊಬಿಲಿಯೆ ಎಂಬ ರೈಲ್ವೆ ಹಗರಣದಲ್ಲಿ 329 ಡಾಲರ್ ಪಡೆದರೆಂಬ ಆರೋಪ ಅವರ ಮೇಲೆ ಬಂತು. ಅವರು ನಿರಾಕರಿಸಿದರು, ಮತದಾರರು ಮತ್ತೆ ಆರಿಸಿದರು, ಆದರೂ ಆ ಅಂಕಿ ಅವರನ್ನು ಕೊನೆಯವರೆಗೆ ಹಿಂಬಾಲಿಸಿತು.

1880ರಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶಕ್ಕೆ ಷಿಕಾಗೋಗೆ ಅವರು ಹೋದದ್ದು ಜಾನ್ ಶೆರ್ಮನ್ ಎಂಬ ಮತ್ತೊಬ್ಬರ ಪರವಾಗಿ ಮಾತಾಡಲು. ಗ್ರಾಂಟ್ ಮತ್ತು ಬ್ಲೇನ್ ಬಣಗಳು ಪಟ್ಟು ಬಿಡದೆ ಮತದಾನ ಸುತ್ತಿನ ಮೇಲೆ ಸುತ್ತು ನಡೆಯಿತು. 36ನೆಯ ಸುತ್ತಿನಲ್ಲಿ, ಉಮೇದುವಾರರೇ ಆಗಿರದ ಗಾರ್‌ಫೀಲ್ಡ್ ಆಯ್ಕೆಯಾದರು! ಚುನಾವಣೆಯಲ್ಲಿ ಜನಮತದ ಅಂತರ ಹತ್ತು ಸಾವಿರಕ್ಕಿಂತ ಕಡಿಮೆ. ಎಲೆಕ್ಟರ್‌ಗಳ ಮತದಲ್ಲಿ 214ಕ್ಕೆ 155. 1881ರ ಮಾರ್ಚ್ 4ರ ಪ್ರಮಾಣವಚನಕ್ಕೆ ವೃದ್ಧ ತಾಯಿ ಎಲಿಜಾ ಬಂದಿದ್ದರು. ಮಗ ಅಧ್ಯಕ್ಷನಾಗುವುದನ್ನು ಎದುರು ನಿಂತು ನೋಡಿದ ಮೊದಲ ತಾಯಿ ಅವರೇ.

ಆ ದಿನದ ಭಾಷಣದ ಬಹುಭಾಗವನ್ನು ಅವರು ಬಿಡುಗಡೆ ಹೊಂದಿದ ಕರಿಯರ ಹಕ್ಕುಗಳಿಗೂ ಅನಕ್ಷರತೆಯ ಅಪಾಯಕ್ಕೂ ಮೀಸಲಿಟ್ಟರು. ಗುಲಾಮರಾಗಿ ಹುಟ್ಟಿದ ಫ್ರೆಡ್ರಿಕ್ ಡಗ್ಲಸ್ ಮತ್ತು ಬ್ಲಾಂಚ್ ಬ್ರೂಸ್ ಅವರನ್ನು ರಾಜಧಾನಿಯ ದೊಡ್ಡ ಹುದ್ದೆಗಳಿಗೆ ನೇಮಿಸಿದರು. ಅಂಚೆ ಇಲಾಖೆಯ ಗುತ್ತಿಗೆಗಳಲ್ಲಿ ನಡೆದ ವಂಚನೆಯ ತನಿಖೆಗೆ, ಅದು ಸ್ವಪಕ್ಷದವರನ್ನೇ ಸುಡಬಹುದೆಂದು ಗೊತ್ತಿದ್ದೂ ಅನುಮತಿ ಕೊಟ್ಟರು. ನ್ಯೂಯಾರ್ಕ್ ಬಂದರಿನ ಸುಂಕಾಧಿಕಾರಿಯ ನೇಮಕದಲ್ಲಿ ಪಕ್ಷದ ಪ್ರಬಲ ನಾಯಕ ರಾಸ್ಕೋ ಕಾಂಕ್ಲಿಂಗ್ ಎದುರು ಬಿದ್ದಾಗಲೂ ಅಧ್ಯಕ್ಷರು ಮಣಿಯಲಿಲ್ಲ. ಕಾಂಕ್ಲಿಂಗ್ ಅವರೇ ಸೆನೆಟ್‌ಗೆ ರಾಜೀನಾಮೆ ಕೊಡಬೇಕಾಯಿತು.

ಆದರೆ ಅವರ ಸಮಯವನ್ನೆಲ್ಲ ನುಂಗಿದ್ದು ಉದ್ಯೋಗಾಕಾಂಕ್ಷಿಗಳ ಸಾಲು. ಆಗ ಸರ್ಕಾರಿ ಕೆಲಸವೆಂದರೆ ಗೆದ್ದ ಪಕ್ಷದವರಿಗೆ ಹಂಚುವ ಪ್ರಸಾದ. ಚಾರ್ಲ್ಸ್ ಗಿಟೋ ಎಂಬವನು ತನಗೆ ಪ್ಯಾರಿಸ್‌ನಲ್ಲಿ ಹುದ್ದೆ ಕೊಡಬೇಕೆಂದು ದಿನವೂ ಬಂದು ಕಾಡುತ್ತಿದ್ದ. ಸಿಗದಾಗ ಪಿಸ್ತೂಲು ಕೊಂಡ. ಜುಲೈ 2ರಂದು ವಾಷಿಂಗ್ಟನ್ ರೈಲು ನಿಲ್ದಾಣದಲ್ಲಿ ಹಿಂದಿನಿಂದ ಎರಡು ಗುಂಡು ಹಾರಿಸಿದ. ಒಂದು ತೋಳನ್ನು ಸವರಿತು, ಇನ್ನೊಂದು ಬೆನ್ನಿಗೆ ಹೊಕ್ಕಿತು. ತಮ್ಮ ಹಳೆಯ ವಿಲಿಯಮ್ಸ್ ಕಾಲೇಜಿನ ಸಮಾರಂಭಕ್ಕೆಂದು ಹೊರಟಿದ್ದರು ಗಾರ್‌ಫೀಲ್ಡ್. ಜೊತೆಗೆ ಇಬ್ಬರು ಮಕ್ಕಳಿದ್ದರು.

ಅವರನ್ನು ಕೊಂದದ್ದು ಗುಂಡಿಗಿಂತ ಹೆಚ್ಚಾಗಿ ಚಿಕಿತ್ಸೆ ಎಂದು ಇಂದಿನ ವೈದ್ಯರಲ್ಲಿ ಅನೇಕರ ಅಭಿಪ್ರಾಯ. ಗಾಯ ತೊಳೆದು ಶುಚಿಯಾಗಿಡಬೇಕೆಂದು ಬ್ರಿಟನ್ನಿನ ಜೋಸೆಫ್ ಲಿಸ್ಟರ್ 1867ರಲ್ಲೇ ಬರೆದಿದ್ದರು. ಅಮೆರಿಕದ ಹಿರಿಯ ವೈದ್ಯರು ಬಹಳ ಮಂದಿ ಅದನ್ನು ನಂಬಿರಲಿಲ್ಲ. ತೊಳೆಯದ ಬೆರಳು, ತೊಳೆಯದ ಸಲಾಕೆ ಹಾಕಿ ಗುಂಡಿಗಾಗಿ ತಡಕಾಡಿದರು. ಕೀವು ಮೈಗೆಲ್ಲ ಹರಡಿತು. ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಲೋಹ ಪತ್ತೆಮಾಡುವ ಯಂತ್ರ ತಯಾರಿಸಿ ತಂದರು. ಮುಖ್ಯ ವೈದ್ಯ ಬ್ಲಿಸ್ ಬಲಭಾಗವನ್ನಷ್ಟೇ ಪರೀಕ್ಷಿಸಲು ಬಿಟ್ಟರು, ಹಾಸಿಗೆಯ ಲೋಹದ ಸ್ಪ್ರಿಂಗುಗಳೂ ಅಡ್ಡಬಂದವು. ಗುಂಡು ಇದ್ದದ್ದು ಎಡಭಾಗದಲ್ಲಿ. ಸಮುದ್ರದ ಗಾಳಿ ಸಿಗಲೆಂದು ಸೆಪ್ಟೆಂಬರ್ 6ರಂದು ನ್ಯೂಜೆರ್ಸಿಯ ಎಲ್ಬೆರಾನ್‌ಗೆ ಒಯ್ದರು. ರೈಲು ಮನೆಯ ಬಾಗಿಲಿಗೇ ಬರಲೆಂದು ರಾತ್ರೋರಾತ್ರಿ ಹಳಿ ಹಾಕಲಾಗಿತ್ತು. ಸೆಪ್ಟೆಂಬರ್ 19ರ ರಾತ್ರಿ ಅವರು ತೀರಿಕೊಂಡರು. ವಯಸ್ಸು ನಲವತ್ತೊಂಬತ್ತು. ಎಲಿಜಾ ಇನ್ನೂ ಬದುಕಿದ್ದರು. ಮಗ ಹೋದ ಮೇಲೆ ಆರು ವರ್ಷಕ್ಕೂ ಮಿಗಿಲಾಗಿ ಬಾಳಿದರು.

ಗಿಟೋನನ್ನು 1882ರಲ್ಲಿ ಗಲ್ಲಿಗೇರಿಸಲಾಯಿತು. ಉಪಾಧ್ಯಕ್ಷರಾಗಿದ್ದು ಅಧ್ಯಕ್ಷರಾದ ಚೆಸ್ಟರ್ ಆರ್ಥರ್ ಕಾಂಕ್ಲಿಂಗ್ ಬಣದವರು, ಶಿಫಾರಸು ರಾಜಕೀಯದಲ್ಲೇ ಬೆಳೆದವರು. ಅವರೇ 1883ರ ಜನವರಿಯಲ್ಲಿ ಪೆಂಡಲ್‌ಟನ್ ಕಾಯಿದೆಗೆ ಸಹಿ ಹಾಕಿ, ಕೇಂದ್ರದ ಕೆಲವು ಹುದ್ದೆಗಳಿಗೆ ಸ್ಪರ್ಧಾ ಪರೀಕ್ಷೆಯ ಮೂಲಕ ನೇಮಕ ಆರಂಭಿಸಿದರು. ಲುಕ್ರೀಷಿಯಾ ಮೆಂಟರ್‌ನ ತಮ್ಮ ಮನೆಗೆ ಒಂದು ಗ್ರಂಥಾಲಯ ಕಟ್ಟಿಸಿ, ಗಂಡನ ಪುಸ್ತಕಗಳನ್ನೂ ಕಾಗದಪತ್ರಗಳನ್ನೂ ಜೋಪಾನವಾಗಿಟ್ಟರು. ಅಂದು ನಿಲ್ದಾಣದಲ್ಲಿ ತಂದೆಯ ಜೊತೆಗಿದ್ದ ಹಿರಿಯ ಮಗ ಹ್ಯಾರಿ ಮುಂದೆ ಅದೇ ವಿಲಿಯಮ್ಸ್ ಕಾಲೇಜಿಗೆ 1908ರಲ್ಲಿ ಮುಖ್ಯಸ್ಥರಾಗಿ ಬಂದರು, 1934ರವರೆಗೂ ಅಲ್ಲೇ ಇದ್ದರು.