ವೆಲ್ಲಿಂಗ್ಟನ್ನನ ಎಂಟು ವರ್ಷಕ್ಕೆ ಮೂರೇ ಸಾಲು

ಕಳೆದ ಕೆಲವು ವಾರಗಳಿಂದ ವಿಶ್ವಕೋಶವೊಂದರ ಬರಹವನ್ನು ತಿದ್ದುತ್ತ ಕೂತಿದ್ದೇನೆ. ಅದು ಆರ್ಥರ್ ವೆಲ್ಲೆಸ್ಲಿಯ ಜೀವನಚರಿತ್ರೆ. 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ, ಮುಂದೆ ಬ್ರಿಟನ್ನಿನ ಪ್ರಧಾನಿಯೂ ಆದ ವೆಲ್ಲಿಂಗ್ಟನ್ ಡ್ಯೂಕ್ ಅಂದರೆ ಈತನೇ. ಕನ್ನಡದ ಆ ಬರಹ ಇಂಗ್ಲಿಷಿನಿಂದ ಇಳಿಸಿಕೊಂಡದ್ದು ಅಂತ ಓದಿದ ಕೂಡಲೇ ಗೊತ್ತಾಗುತ್ತಿತ್ತು. ವಾಟರ್ಲೂಗೆ ಪುಟಗಟ್ಟಲೆ ಜಾಗ. 1797ರಿಂದ 1805ರವರೆಗೆ ಆತ ಇಂಡಿಯಾದಲ್ಲಿ, ಅದರಲ್ಲೂ ಬಹುಪಾಲು ಮೈಸೂರು ಸೀಮೆಯ ಸುತ್ತಮುತ್ತ ಕಳೆದ ಎಂಟು ವರ್ಷಕ್ಕೆ ಮೂರೇ ಸಾಲು.

ಮೊದಲ ತೊಡಕು ಸರ್ವನಾಮದ್ದು. ಹಳೆಯ ಬರಹದಲ್ಲಿ ವೆಲ್ಲೆಸ್ಲಿ ಬಂದರು, ಗೆದ್ದರು, ಹೊರಟರು. ಟಿಪ್ಪು ಮಾತ್ರ ಸೋತನು, ಸತ್ತನು. ಇಂಗ್ಲಿಷಿನಲ್ಲಿ ಈ ತಾರತಮ್ಯ ಕಾಣಿಸುವುದೇ ಇಲ್ಲ, ಕನ್ನಡದಲ್ಲಿ ಕ್ರಿಯಾಪದವೇ ಪಕ್ಷ ಹೇಳಿಬಿಡುತ್ತದೆ. ಇಬ್ಬರನ್ನೂ ಆತ ಅಂತಲೇ ಕರೆದೆ. ಅರ್ಧ ದಿನದ ಕೆಲಸ ಅದು. ಆದರೆ ಅಷ್ಟರಲ್ಲೇ ಬರಹ ಬೇರೆಯದೇ ಆಗಿ ಓದಿಸಿಕೊಳ್ಳತೊಡಗಿತು.

ಎರಡನೆಯದು, ಹುಟ್ಟಿನ ಕಥೆ. ಆರ್ಥರ್ 1769ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ, ಮಾರ್ನಿಂಗ್ಟನ್ ಅರ್ಲ್ ಮನೆತನದಲ್ಲಿ ಹುಟ್ಟಿದ. ಹೆಸರು ದೊಡ್ಡದು, ಕೈಯಲ್ಲಿ ಕಾಸು ಕಮ್ಮಿ. ಕಿರಿಯ ಮಗನಾದ್ದರಿಂದ ಪದವಿಯೂ ಇಲ್ಲ, ಜಮೀನೂ ಇಲ್ಲ. ಈಟನ್ ಶಾಲೆಯಲ್ಲಿ ಓದು ಹತ್ತಲಿಲ್ಲ. ಪಿಟೀಲು ಚೆನ್ನಾಗಿ ನುಡಿಸುತ್ತಿದ್ದ. ಕೊನೆಗೆ ಸೈನ್ಯಕ್ಕೆ ಸೇರಿಸಿದರು. 1787ರಲ್ಲಿ ಎನ್‌ಸೈನ್ ಆದವನು 1793ಕ್ಕೆ ಲೆಫ್ಟಿನೆಂಟ್ ಕರ್ನಲ್. ನಡುವೆ ಒಂದೇ ಒಂದು ಯುದ್ಧ ಕಂಡಿರಲಿಲ್ಲ. ಹಳೆಯ ಬರಹ ಇದನ್ನು ಪ್ರತಿಭೆಯ ಏಳಿಗೆ ಅಂತ ಹೇಳಿತ್ತು. ನಿಜ ಏನೆಂದರೆ ಆಗ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿ ಹುದ್ದೆಗಳನ್ನು ದುಡ್ಡು ಕೊಟ್ಟು ಕೊಳ್ಳಬಹುದಿತ್ತು, 33ನೇ ರೆಜಿಮೆಂಟಿನಲ್ಲಿ ಮೇಲೇರುವುದಕ್ಕೆ ಸಾಲ ಕೊಟ್ಟವನು ಅಣ್ಣ ರಿಚರ್ಡ್. ಹುದ್ದೆ ಕೊಂಡದ್ದು ಅಂತ ನಾನು ನೇರವಾಗಿ ಬರೆದೆ. ಅದು ಬೈಗುಳವಲ್ಲ, ಆ ಕಾಲದ ರೂಢಿ. ಆದರೆ ಅದನ್ನು ಮುಚ್ಚಿಟ್ಟರೆ ಮುಂದಿನದ್ದು ಯಾವುದೂ ಅರ್ಥವಾಗುವುದಿಲ್ಲ.

ಅದೇ 1793ರಲ್ಲಿ ಕಿಟ್ಟಿ ಪ್ಯಾಕೆನ್‌ಹ್ಯಾಮ್‌ಳನ್ನು ಮದುವೆಯಾಗಲು ಕೇಳಿದ. ಭವಿಷ್ಯ ಇಲ್ಲದ ಹುಡುಗ ಅಂತ ಅವಳ ಮನೆಯವರು ನಿರಾಕರಿಸಿದರು. ಆತ ಪಿಟೀಲುಗಳನ್ನು ಸುಟ್ಟುಹಾಕಿದ. ಇಂಡಿಯಾದಿಂದ ಮರಳಿದ ಮೇಲೆ 1806ರಲ್ಲಿ ಅವಳನ್ನೇ ಮದುವೆಯಾದ, ಸಂಸಾರ ಮಾತ್ರ ಸುಖವಾಗಿರಲಿಲ್ಲ.

ಈಗ ನಮ್ಮ ನೆಲದ ಕಥೆಗೆ ಬರೋಣ. 1797ರ ಫೆಬ್ರವರಿಯಲ್ಲಿ ಆರ್ಥರ್ ಕಲ್ಕತ್ತೆಯಲ್ಲಿಳಿದ. ಮರುವರ್ಷ ರಿಚರ್ಡ್ ಗವರ್ನರ್ ಜನರಲ್ ಆಗಿ ಬಂದ. 1799ರಲ್ಲಿ ಟಿಪ್ಪುವಿನ ಮೇಲೆ ಯುದ್ಧ. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಆರ್ಥರ್ ಗೆಲುವಿನ ಪಾಲುದಾರ. ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿ, ಕತ್ತಲಲ್ಲಿ ದಾರಿ ತಪ್ಪಿ, ಮೊಣಕಾಲಿಗೆ ಪೆಟ್ಟು ತಿಂದು ಹಿಂದಿರುಗಿದ. ಹಳೆಯ ಬರಹದಲ್ಲಿ ಈ ಸೋಲು ಇರಲೇ ಇಲ್ಲ. ಮರುದಿನ ತೋಪು ವಶವಾಯಿತು ಅನ್ನುವುದಷ್ಟೇ ಇತ್ತು.

ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ನಾಯಕ ಡೇವಿಡ್ ಬೇರ್ಡ್. ಅದೇ ಶ್ರೀರಂಗಪಟ್ಟಣದಲ್ಲಿ ಹಿಂದೆ ಮೂರು ವರ್ಷಕ್ಕೂ ಹೆಚ್ಚು ಸೆರೆಯಲ್ಲಿದ್ದವನು. ಆರ್ಥರ್ ಕಾಯ್ದಿಟ್ಟ ಪಡೆಯ ಜೊತೆ ಹಿಂದೆ ಇದ್ದ. ಅಂದು ರಾತ್ರಿ ಊರೆಲ್ಲ ಲೂಟಿ. ಮುಂದೆ ಊರಿನ ಅಧಿಕಾರ ಸಿಕ್ಕಿದ್ದು ಬೇರ್ಡ್‌ಗಲ್ಲ, ಹುದ್ದೆಯಲ್ಲಿ ಕಿರಿಯನಾದ ಆರ್ಥರ್‌ಗೆ. ಬೇರ್ಡ್ ಕೊನೆಯವರೆಗೂ ಇದನ್ನು ಮರೆಯಲಿಲ್ಲ. ಆರ್ಥರ್ ಲೂಟಿಕೋರ ಸೈನಿಕರಲ್ಲಿ ನಾಲ್ವರನ್ನು ಗಲ್ಲಿಗೇರಿಸಿ, ಹಲವರಿಗೆ ಛಡಿಯೇಟು ಕೊಡಿಸಿ ಊರನ್ನು ತಹಬಂದಿಗೆ ತಂದ. ಇದು ಆತನ ಹೆಚ್ಚುಗಾರಿಕೆಯೇ. ಆದರೆ ಸೈನಿಕ ಮನೆಗೆ ನುಗ್ಗಿ ದೋಚಿದರೆ ಗಲ್ಲು, ಅರಮನೆಯ ಖಜಾನೆ ಹಂಚಿಕೊಂಡರೆ ಬಹುಮಾನ ಹಣ. ಆರ್ಥರ್ ಪಾಲಿಗೆ ಬಂದದ್ದು ಸುಮಾರು 4,000 ಪೌಂಡ್. ಅದರಲ್ಲಿ ಅಣ್ಣನ ಸಾಲ ತೀರಿಸಲು ಹೋದ, ಅಣ್ಣ ಬೇಡ ಅಂದ. ಈ ಎರಡು ಸಂಗತಿಗಳನ್ನು ಒಂದೇ ಪ್ಯಾರಾದಲ್ಲಿ ಇಟ್ಟೆ.

ಗೆದ್ದ ರಾಜ್ಯವನ್ನು ಹಂಚಲು ಐವರ ಆಯೋಗ ಕೂತಿತು. ಅದರಲ್ಲಿ ಇಬ್ಬರು, ಆರ್ಥರ್ ಮತ್ತು ಹೆನ್ರಿ, ಗವರ್ನರ್ ಜನರಲ್ಲನ ಸ್ವಂತ ತಮ್ಮಂದಿರು. ಒಡೆಯರ ಮನೆತನದ ಬಾಲಕನಿಗೆ ಪಟ್ಟ ಕಟ್ಟಿದರು, ಪೂರ್ಣಯ್ಯ ದಿವಾನರಾದರು, ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕಪ್ಪ ಕೊಡಬೇಕಾಯಿತು. ಇಲ್ಲೊಂದು ಸಣ್ಣ ತಪ್ಪನ್ನೂ ಸರಿಪಡಿಸಿದೆ. ಶ್ರೀರಂಗಪಟ್ಟಣದಲ್ಲಿ 1804ರಲ್ಲಿ ಪೂರ್ಣಯ್ಯ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಗೆ ಹೆಸರು ಬಂದದ್ದು ಆರ್ಥರ್‌ನಿಂದಲ್ಲ, ಅಣ್ಣ ರಿಚರ್ಡ್‌ನಿಂದ.

ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು ಧೋಂಡಿಯಾ ವಾಘ್. ಚನ್ನಗಿರಿಯವನು, ಟಿಪ್ಪುವಿನ ಸೆರೆಯಲ್ಲಿದ್ದು ಕೋಟೆ ಬಿದ್ದಾಗ ಹೊರಬಂದವನು. ಚದುರಿಹೋದ ಸೈನಿಕರನ್ನು ಕೂಡಿಸಿಕೊಂಡು, ಉಭಯ ಲೋಕಾಧೀಶ್ವರ ಅಂತ ತನ್ನನ್ನು ಕರೆದುಕೊಂಡು, ವರ್ಷಕ್ಕೂ ಹೆಚ್ಚು ಕಾಲ ಕಂಪನಿಯನ್ನು ಕಾಡಿದ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಆರ್ಥರ್ ತಾನೇ ಕುದುರೆ ದಳ ಮುನ್ನಡೆಸಿ ಅವನನ್ನು ಕೊಂದ. ಹಳೆಯ ಬರಹದಲ್ಲಿ ಧೋಂಡಿಯಾ ಬರೀ ಡಕಾಯಿತ. ಅದು ಕಂಪನಿ ಕಾಗದಗಳ ಭಾಷೆ. ಹಂಗಂತ ಅದನ್ನು ಅಳಿಸಿ ಸ್ವಾತಂತ್ರ್ಯ ವೀರ ಅಂತ ಹಾಕಿದರೆ ಇನ್ನೊಂದು ತುದಿಗೆ ಜಾರಿದಂತೆ, ಅವನ ದಂಡೂ ಊರುಗಳನ್ನು ದೋಚಿದೆ. ಎರಡೂ ಪದ ಬಿಟ್ಟೆ. ಅವನು ಯಾರು, ಏನು ಮಾಡಿದ ಅನ್ನುವುದನ್ನಷ್ಟೇ ಬರೆದೆ.

ಧೋಂಡಿಯಾನ ಸಾಮಾನು ಸರಂಜಾಮಿನ ನಡುವೆ ಅವನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕ. ಆರ್ಥರ್ ಆ ಮಗುವನ್ನು ತನ್ನ ಡೇರೆಗೆ ಕರೆದುಕೊಂಡ, ಹೊರಡುವಾಗ ಅವನ ಖರ್ಚಿಗೆ ದುಡ್ಡು ಇಟ್ಟುಹೋದ. ಅದೇ ಆರ್ಥರ್ 1802ರಲ್ಲಿ ಈಗಿನ ಸಕಲೇಶಪುರದ ಕಡೆಯ ಬಲಂ ಸೀಮೆಯ ಕಾಡಿಗೆ ನುಗ್ಗಿದ. ಅಲ್ಲಿನ ಪಾಳೆಯಗಾರನನ್ನು ಹಿಡಿದು ಗಲ್ಲಿಗೇರಿಸಲಾಯಿತು. ಕರುಣೆಯ ಕಥೆ ಎಲ್ಲ ಜೀವನಚರಿತ್ರೆಗಳಲ್ಲೂ ಸಿಗುತ್ತದೆ, ಗಲ್ಲಿನದು ಸುಲಭಕ್ಕೆ ಸಿಗುವುದಿಲ್ಲ.

ಇಷ್ಟಕ್ಕೂ ಈ ಎಂಟು ವರ್ಷ ಯಾಕೆ ಮುಖ್ಯ? ಆತ ಯುದ್ಧದ ಕಸುಬು ಕಲಿತದ್ದೇ ಇಲ್ಲಿ. ಸೈನ್ಯ ನಡೆಯುವುದು ಹೊಟ್ಟೆಯ ಮೇಲೆ, ಹೊಟ್ಟೆಗೆ ಬೇಕಾದದ್ದು ಬರುವುದು ಎತ್ತಿನ ಬೆನ್ನ ಮೇಲೆ ಅನ್ನುವುದನ್ನು ಈ ನೆಲದಲ್ಲಿ ಕಂಡುಕೊಂಡ. ಹೈದರ್, ಟಿಪ್ಪು ಬೆಳೆಸಿದ ಅಮೃತಮಹಲ್ ಎತ್ತುಗಳು ಆತನ ಬಂಡಿ, ಫಿರಂಗಿ ಎಳೆದವು. ದವಸ ಹೊತ್ತು ತಂದವರು ಬ್ರಿಂಜಾರಿಗಳು, ಅಂದರೆ ನಮ್ಮ ಲಂಬಾಣಿ ಜನ. 1803ರ ಸೆಪ್ಟೆಂಬರ್ 23ರಂದು ಈಗಿನ ಮಹಾರಾಷ್ಟ್ರದ ಅಸ್ಸಾಯೆಯಲ್ಲಿ ಮರಾಠರ ದೊಡ್ಡ ಸೈನ್ಯವನ್ನು ಸೋಲಿಸಿದಾಗ ಆತನ ಜೊತೆ ಮದ್ರಾಸಿನ ಸಿಪಾಯಿಗಳೂ ಇದ್ದರು, ಮೈಸೂರಿನ ಅಶ್ವದಳವೂ ಇತ್ತು. ಸತ್ತವರು, ಗಾಯಗೊಂಡವರು ಸೇರಿ ಆತನ ಕಡೆಯೇ 1,500ಕ್ಕೂ ಹೆಚ್ಚು ಜನ. ಮುಪ್ಪಿನಲ್ಲೂ ಆತ ತನ್ನ ಅತ್ಯುತ್ತಮ ಯುದ್ಧವೆಂದು ಗಣಿಸಿದ್ದು ಅಸ್ಸಾಯೆಯನ್ನು, ವಾಟರ್ಲೂವನ್ನಲ್ಲ.

ಮುಂದಿನದ್ದು ಯುರೋಪಿನ ಕಥೆ. ಪೋರ್ಚುಗಲ್, ಸ್ಪೇನ್, ಫ್ರಾನ್ಸ್. 1812ರಲ್ಲಿ ಬಡಹೋಸ್ ಪಟ್ಟಣದಲ್ಲಿ ಆತನದೇ ಸೈನಿಕರ ಭೀಕರ ಲೂಟಿ. ವಾಟರ್ಲೂನಲ್ಲಿ ಸಂಜೆಯ ಹೊತ್ತಿಗೆ ಬಂದು ಕೈಹಿಡಿದ ಬ್ಲೂಷರ್‌ನ ಪ್ರಷ್ಯನ್ ಸೈನ್ಯ. ಪ್ರಧಾನಿಯಾಗಿ 1829ರಲ್ಲಿ ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆಸಿದ. ಆದರೆ ಮತದಾನದ ಸುಧಾರಣೆಗೆ ಅಡ್ಡ ನಿಂತ, ಲಂಡನ್ನಿನ ಜನ ಆತನ ಮನೆಯ ಕಿಟಕಿ ಒಡೆದರು. 1852ರ ಸೆಪ್ಟೆಂಬರ್ 14ರಂದು ತೀರಿಕೊಂಡ. ಈಟನ್ನಿನ ಆಟದ ಬಯಲಿನಲ್ಲೇ ವಾಟರ್ಲೂ ಗೆದ್ದೆ ಎಂಬರ್ಥದ ಪ್ರಸಿದ್ಧ ಮಾತು ಆತನ ಹೆಸರಿಗೆ ಅಂಟಿಕೊಂಡದ್ದು ಸತ್ತ ಮೇಲೆ. ಅದನ್ನು ತೆಗೆದುಹಾಕಿದೆ.

ಬರಹ ಈಗ ಉದ್ದವಾಗಿದೆ, ಇನ್ನೂ ಪೂರ್ತಿಯಾಗಿಲ್ಲ. ಪ್ಯಾರಾಗಳ ನಡುವೆ ಲಂಬಾಣಿಗರಿಗೆ, ಅಮೃತಮಹಲ್ ತಳಿಗೆ, ಬಲಂ ಸೀಮೆಗೆ ಕೊಂಡಿ ಹಾಕಲು ಹೋದೆ. ಅವುಗಳ ಬಗ್ಗೆ ಅದೇ ವಿಶ್ವಕೋಶದಲ್ಲಿ ಇರುವುದು ಎರಡು, ಮೂರು ಸಾಲು. ಇಂಗ್ಲಿಷ್ ಡ್ಯೂಕನ ಬಗ್ಗೆ ಬರೆಯುವವರು ಪ್ರಪಂಚದ ತುಂಬ ಇದ್ದಾರೆ. ಇವುಗಳ ಬಗ್ಗೆ ನಾವೇ ಬರೆಯಬೇಕು. ನಾನು ಮುಂದಿನ ವಾರ ಎತ್ತುಗಳಿಂದ ಶುರು ಮಾಡುತ್ತೇನೆ.