ಪ್ರಾತಃಸ್ಮರಣೀಯ ಬೆಳ್ಳಾವೆ ವೆಂಕಟನಾರಣಪ್ಪನವರು

ತುಮಕೂರು ಸೀಮೆಯ ಬೆಳ್ಳಾವೆಯ ಹೆಸರನ್ನು ಕನ್ನಡನಾಡಿನಲ್ಲೆಲ್ಲ ಬೆಳಗಿಸಿದ ವೆಂಕಟನಾರಣಪ್ಪನವರು 1872ರಲ್ಲಿ ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸಿದರು.

ವಿಜ್ಞಾನವು ಇಂಗ್ಲಿಷ್ ಬಲ್ಲ ಕೆಲವರ ಸೊತ್ತಾಗಿದ್ದ ಕಾಲವದು. ಆ ಅರಿವು ಕನ್ನಡಿಗರೆಲ್ಲರಿಗೂ ಮುಟ್ಟಬೇಕೆಂದು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದರು. ಪರಿಭಾಷೆಯೇ ಇಲ್ಲದೆಡೆ ಪದಗಳನ್ನು ರೂಪಿಸಬೇಕಾಗಿತ್ತು. ಪತ್ರಿಕೆ ಎರಡೇ ವರ್ಷಗಳಲ್ಲಿ ನಿಂತಿತು; ಆದರೆ ಕನ್ನಡದಲ್ಲಿ ವಿಜ್ಞಾನ ಹೇಳಲಾಗದೆಂಬ ಮಾತು ಅಲ್ಲಿಗೆ ಸುಳ್ಳಾಯಿತು.

ಭೌತಶಾಸ್ತ್ರ ಬೋಧಿಸಿದ ಅವರೇ ಪಂಪಭಾರತವನ್ನು ಸಂಪಾದಿಸಿಕೊಟ್ಟರು. ಸಾಹಿತ್ಯ ಪರಿಷತ್ತಿನ ಏಳಿಗೆಗೆ ದುಡಿದರು. 1937ರ ಜಮಖಂಡಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಸಂದಿತು. 1943ರಲ್ಲಿ ಕೀರ್ತಿಶೇಷರಾದರು.

ಪಟ್ಟನಾಯಕನಹಳ್ಳಿಯಂತಹ ಗ್ರಾಮಗಳಲ್ಲಿ ತಾಯ್ನುಡಿಯಲ್ಲೇ ವಿಜ್ಞಾನ ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಯ ಮೇಲೂ, ಕಲಿಸುವ ಪ್ರತಿಯೊಬ್ಬ ಉಪಾಧ್ಯಾಯರ ಮೇಲೂ ಈ ಗುರುವಿನ ಋಣವಿದೆ.